ಲವಂಗ ಕಚ್ಚಿಕೊಂಡ ಎಂಟು ದಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ವಿಮಾ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಕೌಂಟರಿನ ಹಿಂದೆ ಕೂತವಳಿಗೆ ಅದಲ್ಲದೆ ಇನ್ನೇನಿರುತ್ತದೆ ಹೇಳಿ. ನಿವೃತ್ತಿಯಾದ ಮೇಲೆ ಜೀವನ್ ಬಿಮಾ ನಗರದ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಹಲಸೂರು ಕೆರೆಯ ಹತ್ತಿರದ ಒಂದು ಸಣ್ಣ ಯಂತ್ರ ಸಂಗ್ರಹಾಲಯಕ್ಕೆ ವಾರಕ್ಕೆ ಮೂರು ದಿನ ಹೋಗತೊಡಗಿದೆ. ಬಂದವರಿಗೆ ಯಂತ್ರಗಳ ಬಗ್ಗೆ ವಿವರಿಸುವುದು ಕೆಲಸ. ಸಂಬಳವಿಲ್ಲ, ಕಾಫಿ ಇದೆ. ಧನಲಕ್ಷ್ಮಿ ಸಿಕ್ಕಿದ್ದು ಅಲ್ಲಿ. ಇದು ಅವಳ ಕಥೆ, ನಡುನಡುವೆ ನಾನು ಬಾಯಿ ಹಾಕಿದರೆ ಸಹಿಸಿಕೊಳ್ಳಿ.

ಧನಲಕ್ಷ್ಮಿ ಆ ಸಂಗ್ರಹಾಲಯದ ಅಟೆಂಡರ್. ಐವತ್ತನಾಲ್ಕು ವರ್ಷ, ಎಣ್ಣೆ ಹಚ್ಚಿ ಬಿಗಿದ ಜಡೆ, ನೀಲಿ ಸೀರೆ, ಸೆರಗಿಗೊಂದು ಪಿನ್ನು, ಕೈಯಲ್ಲಿ ಸದಾ ಒಂದು ಹಳದಿ ಬಟ್ಟೆ. ಮನೆ ಸೋಮೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ. ಮನೆಮಾತು ತಮಿಳು, ಕೆಲಸದ ಮಾತು ಕನ್ನಡ, ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವುದು ಮಾತ್ರ ಉರ್ದುವಿನಲ್ಲಿ. ಇಪ್ಪತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ದೊಡ್ಡ ಕೋಣೆಯ ಬಾಗಿಲು ತೆಗೆದು, ಬಲಗಡೆಯಿಂದ ಶುರು ಮಾಡಿ ಒಂದೊಂದೇ ಯಂತ್ರವನ್ನು ಒರೆಸುತ್ತಾಳೆ. ಮೊದಲು ಹೊಲಿಗೆ ಯಂತ್ರ, ಆಮೇಲೆ ದೊಡ್ಡ ತಕ್ಕಡಿ, ಸಿನಿಮಾ ಪ್ರೊಜೆಕ್ಟರ್, ಗೋಲಿ ಸೋಡಾ ತುಂಬುವ ಚಕ್ರ. ಕೊನೆಗೆ ಕೋಣೆಯ ನಡುವೆ ಆನೆಮರಿಯ ಹಾಗೆ ನಿಂತಿರುವ ಟ್ರೆಡಲ್ ಮಷೀನು. ಕಾಲಲ್ಲಿ ತುಳಿದರೆ ಪಕ್ಕದ ಚಕ್ರ ತಿರುಗಿ, ಕಾಗದದ ಮೇಲೆ ಅಚ್ಚು ಒತ್ತುವ ಹಳೆಯ ಮುದ್ರಣ ಯಂತ್ರ ಅದು. ಅದಕ್ಕೆ ಅವಳು ಕೊಡುವ ಸಮಯ ಉಳಿದೆಲ್ಲಕ್ಕಿಂತ ಹೆಚ್ಚು. ಒರೆಸಿ ಮುಗಿದ ಮೇಲೆ ಸ್ಟೂಲಿನ ಮೇಲೆ ಕೂತರೆ ಸಂಜೆಯವರೆಗೆ ಅವಳ ಬಾಯಲ್ಲಿ ಒಂದೇ ಮಾತು.

"ಮುಟ್ಬೇಡಿ!"

ಅಬ್ಬಾ, ಆ ಗಂಟಲೇ ಗಂಟಲು! ದೊಮ್ಮಲೂರಿನ ಫ್ಲೈಓವರ್ ಮೇಲೆ ನಿಂತು ಕೂಗಿದರೆ ಕೆಳಗೆ ಗಾಡಿಗಳು ನಿಲ್ಲಬೇಕು. ಒಮ್ಮೆ ನಾನೇ ಮಾತಿನ ಭರದಲ್ಲಿ ತಕ್ಕಡಿಯ ಕಡೆ ಕೈ ಚಾಚಿ ಬೈಸಿಕೊಂಡಿದ್ದೇನೆ. ಬಂದವರು ಅಭಿಪ್ರಾಯ ಬರೆಯುವ ಪುಸ್ತಕದಲ್ಲಿ ಒಂದೇ ವರ್ಷದಲ್ಲಿ ಅವಳ ಮೇಲೆ ಹನ್ನೊಂದು ದೂರು. 'ಮಿಷನ್ ಸೂಪರ್, ಆಂಟಿ ಡೇಂಜರ್' ಅಂತ ಯಾರೋ ಹುಡುಗಿ ಚಿತ್ರ ಸಮೇತ ಬರೆದಿದ್ದಳು.

"ಯಾಕೆ ಹಂಗ್ ಅರಚ್ತೀಯೆ?" ಅಂತ ಒಂದು ದಿನ ಕಾಫಿ ಕುಡಿಯುವಾಗ ಕೇಳಿದೆ.

ಅವಳು ಲೋಟ ಕೆಳಗಿಟ್ಟಳು. "ನಮ್ಮಮ್ಮ ದೊಡ್ಡ ದೊಡ್ಡ ಬಂಗ್ಲೆಗಳಲ್ಲಿ ಮನೆಕೆಲಸ ಮಾಡ್ತಿದ್ರು ಮೇಡಂ. ಇಸ್ಕೂಲ್ ರಜೆ ಬಂದ್ರೆ ನನ್ನೂ ಜೊತೇಲೇ ಕರ್ಕೊಂಡ್ ಹೋಗೋರು. ಮೆಟ್ಲು ಮೇಲೆ ಕೂರ್ಸಿ, 'ತೊಡಾದೆ' ಅನ್ನೋರು. ಮುಟ್ಬೇಡ ಅಂತ. ಒಂದ್ ಮನೇಲಿ ಪಿಯಾನೋ ಇತ್ತು. ಕಪ್ಪುಗೆ, ಮುಖ ಕಾಣೋ ಹಂಗೆ. ಆಸೆ ತಡೆಯೋಕಾಗ್ದೆ ಎರಡು ಕೈನೂ ತೊಡೆ ಕೆಳಗಿಟ್ಕೊಂಡು ಕೂತಿರ್ತಿದ್ದೆ. ಜೋಮು ಹಿಡಿಯೋದು. ಒಂದ್ಸಲಾನೂ ಮುಟ್ಲಿಲ್ಲ ಮೇಡಂ." ಕೊನೆಯ ಮಾತನ್ನು ಅವಳು ಹೆಮ್ಮೆಯಿಂದಲೇ ಹೇಳಿದಳು. 

ಹೀಗಿರುವಾಗ ಬಂದವನು ಕೇದಾರ್, ನಮ್ಮ ಹೊಸ ಮ್ಯಾನೇಜರ್. ಧಾರವಾಡದ ಹುಡುಗ, ಮೂವತ್ತೆರಡು ವರ್ಷ, ಸಂಗ್ರಹಾಲಯಗಳ ಬಗ್ಗೆಯೇ ಓದಿಕೊಂಡು ಬಂದವನು. ಒಳ್ಳೆಯವನೇ, ಆದರೆ ಎಲ್ಲವನ್ನೂ ಚಾರ್ಟು ಹಾಕಿ ಮಾಡುವ ಜಾತಿ. ಬಂದ ಆರನೇ ತಿಂಗಳಿಗೆ ದಸರಾ ರಜೆಯಲ್ಲಿ ಹೈಸ್ಕೂಲ್ ಮಕ್ಕಳಿಗೊಂದು ಶಿಬಿರ ಹೂಡಿದ. ಅದರ ಹೆಸರೇ 'ಮುಟ್ಟಿ ನೋಡು'! ಇಪ್ಪತ್ತು ಮಕ್ಕಳು, ಎಂಟು ದಿನ. ಯಂತ್ರಗಳನ್ನು ಬಿಚ್ಚಬೇಕು, ಜೋಡಿಸಬೇಕು, ಓಡಿಸಬೇಕು. ಟ್ರೆಡಲ್ ಮಷೀನಿಗೆ ಹೊಸ ರೋಲರ್ ಹಾಕಿಸಿ, ಎಣ್ಣೆ ಬಿಡಿಸಿ ಸಿದ್ಧ ಮಾಡಿದ್ದ. ಎಂಟನೆಯ ದಿನ ತಂದೆ-ತಾಯಿಯರ ಮುಂದೆ, ಸಂಗ್ರಹಾಲಯ ನಡೆಸುವ ಟ್ರಸ್ಟಿನ ಅಧ್ಯಕ್ಷರ ಮುಂದೆ ಪ್ರದರ್ಶನ.

ಶಿಬಿರಕ್ಕೆ ಎರಡು ದಿನ ಮುಂಚೆ ಧನಲಕ್ಷ್ಮಿಯನ್ನು ಕರೆಸಿದ. ನಾನೂ ಅಲ್ಲೇ ಇದ್ದೆ.

"ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ," ಅಂದ. "ಮುಟ್ಟಿ ನೋಡು ಅಂತ ಹೊರಗ ಬೋರ್ಡ್ ಹಾಕಿ, ಒಳಗ ನೀವು ಮುಟ್ಬೇಡಿ ಅಂದ್ರ ಹೆಂಗ್ರೀ? ಈ ಎಂಟು ದಿನದಾಗ ಆ ಮಾತು ಒಂದ್ ಸಲ ಬಂದ್ರೂ ನಿಮ್ಮನ್ನ ಗೇಟಿಗೆ ಹಾಕ್ತೀನಿ. ಟಿಕೆಟ್ ಹರಕೊಂಡ್ ಇರ್ರಿ. ಒಳಗ ಬ್ಯಾರೆಯವ್ರು ಬರ್ತಾರ."

ಧನಲಕ್ಷ್ಮಿ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಹಳದಿ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಗೇಟಲ್ಲಿ ಕೂತ್ರೆ ನನ್ ಮಿಷನ್ ಕಾಣ್ಸಲ್ಲ ಮೇಡಂ," ಅಂದಳು. "ಬೇರೆಯವ್ರು ಹೆಂಗ್ ಒರೆಸ್ತಾರೋ ಏನೋ. ಕೆಲ್ಸಾನೇ ಬಿಟ್ಟು ಹೋಗ್ತೀನಿ ಅಷ್ಟೆ."

"ಬಿಡೋದ್ಯಾಕೆ? ಎಂಟ್ ದಿನ ಬಾಯಿಗೆ ಬೀಗ ಹಾಕ್ಕೋ," ಅಂದೆ.

"ಬಾಯಿ ನನ್ ಮಾತು ಎಲ್ಲಿ ಕೇಳತ್ತೆ?"

ಮರುದಿನ ಅವಳೇ ಉಪಾಯ ಹುಡುಕಿಕೊಂಡು ಬಂದಳು. ಬಾಯಲ್ಲೊಂದು ಲವಂಗ. ಆ ಮಾತು ನಾಲಿಗೆಯ ತುದಿಗೆ ಬಂದ ಕೂಡಲೇ ಲವಂಗವನ್ನು ಕಚ್ಚುವುದು. ಖಾರಕ್ಕೆ ಮಾತು ಒಳಗೇ ಉಳಿಯುತ್ತದೆ ಅಂತ ಲೆಕ್ಕಾಚಾರ.

ಶಿಬಿರ ಶುರುವಾಯಿತು. ನನಗೆ ಮಕ್ಕಳೆಂದರೆ ಅಷ್ಟಕ್ಕಷ್ಟೆ, ಅದೂ ಹದಿನಾಲ್ಕು-ಹದಿನೈದರವರು! ಕೈಕಾಲು ಎಲ್ಲಿಡಬೇಕು ಅಂತ ಅವರಿಗೇ ಗೊತ್ತಿರುವುದಿಲ್ಲ. ಇಪ್ಪತ್ತರಲ್ಲಿ ಇಬ್ಬರು ಮೊದಲ ದಿನವೇ ನನ್ನ ಪ್ರಾಣ ತಿಂದರು. ಒಬ್ಬಳು ಶಿವಾಜಿನಗರದ ಮೆಹ್ವಿಶ್. ಅವಳ ಅಪ್ಪನದು ಲೇತ್ ಕೆಲಸದ ವರ್ಕ್‌ಶಾಪ್, ಹಾಗಾಗಿ ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂಬುದು ನೋಡಿದ ಕೂಡಲೇ ಗೊತ್ತು. ಇನ್ನೊಬ್ಬ ಕೆ.ಆರ್. ಪುರದ ಸಿದ್ಧಲಿಂಗೇಶ, ಮನೆಯವರು ಗದಗಿನ ಕಡೆಯವರು. ಇವನಿಗೆ ಏನೂ ಗೊತ್ತಿಲ್ಲ, ಆದರೆ ಎಲ್ಲದರೊಳಗೂ ಬೆರಳು ಹಾಕಬೇಕು.

ಮೊದಲ ದಿನವೇ ಸಿದ್ಧಲಿಂಗೇಶ ಪ್ರೊಜೆಕ್ಟರಿನ ಹಲ್ಲುಚಕ್ರದೊಳಗೆ ಬೆರಳು ತೂರಿಸಿದ. ಸ್ಟೂಲಿನ ಮೇಲಿದ್ದ ಧನಲಕ್ಷ್ಮಿ ಚಂಗನೆ ಎದ್ದಳು. "ಮು…" ಅಂದಳು. ಆಚೆ ಕೇದಾರ್ ತಲೆ ಎತ್ತಿದ. ಲವಂಗ ಕಟಕ್ಕೆಂದದ್ದು ನನಗೇ ಕೇಳಿಸಿತು. "ಮು… ಮುಖ ತೊಳ್ಕೊಂಡ್ ಬಂದ್ಯಾ ಮಗಾ ಬೆಳಿಗ್ಗೆ?"

ಸಿದ್ಧಲಿಂಗೇಶ ಕಕ್ಕಾಬಿಕ್ಕಿಯಾಗಿ ಬೆರಳು ತೆಗೆದು ಮುಖ ಒರೆಸಿಕೊಂಡ. "ತೊಳ್ದೀನ್ರೀ ಆಂಟಿ." ನಾನು ಕಿಟಕಿಯ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮೂರನೇ ದಿನಕ್ಕೆ ಇಡೀ ಕೋಣೆ ಲವಂಗದ ವಾಸನೆ. ಮಕ್ಕಳು ಅವಳಿಗೆ 'ಲವಂಗ ಆಂಟಿ' ಅಂತ ಹೆಸರಿಟ್ಟರು. ಯಾಕೆ ಕಚ್ಚುತ್ತೀರಿ ಅಂತ ಮೆಹ್ವಿಶ್ ಪೀಡಿಸಿದಾಗ ನಾನೇ ತಡೆಯಲಾಗದೆ ಗುಟ್ಟು ಬಿಟ್ಟುಕೊಟ್ಟೆ. ಆ ಹುಡುಗಿ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಗೇಟಿಗಾ? ಲವಂಗ ಆಂಟೀನಾ?" ಅಂತ ಹುಬ್ಬು ಗಂಟು ಹಾಕಿ, ಹೋಗಿ ಹತ್ತೊಂಬತ್ತು ಜನಕ್ಕೂ ಹೇಳಿದಳು. ಅವತ್ತಿನಿಂದ ಮಕ್ಕಳು ಯಂತ್ರಕ್ಕೆ ಕೈ ಹಾಕುವ ಮೊದಲು ಒಮ್ಮೆ ಅವಳ ಮುಖ ನೋಡುತ್ತಿದ್ದರು. ಅವಳು ಲವಂಗ ಕಚ್ಚಿದರೆ ಕೈ ಹಿಂದೆ, ಕಚ್ಚದಿದ್ದರೆ ಮುಂದೆ. ಒಂದು ಮಾತೂ ಇಲ್ಲದೆ ಎಲ್ಲ ನಡೆಯತೊಡಗಿತು. ಕೇದಾರನಿಗೆ ಇದರ ಸುಳಿವೇ ಇಲ್ಲ, ಮಕ್ಕಳಲ್ಲಿ ಎಷ್ಟು ಶಿಸ್ತು ಅಂತ ಖುಷಿಪಡುತ್ತಿದ್ದ ಪಾಪ.

ಐದನೇ ದಿನ ಟ್ರೆಡಲ್ ಮಷೀನಿನ ಸರದಿ. ಕಲಿಸಬೇಕಿದ್ದ ಹಳೆಯ ಮುದ್ರಕರು ಜ್ವರ ಬಂದು ಮಲಗಿದ್ದರು. ಕೇದಾರ್ ವಿಡಿಯೋ ನೋಡಿ ಕಲಿತು ಕಲಿಸುತ್ತಿದ್ದ. ಮಕ್ಕಳು ಸೀಸದ ಅಕ್ಷರದ ಮೊಳೆಗಳನ್ನು ಜೋಡಿಸಿ ತಮ್ಮ ಇಪ್ಪತ್ತು ಹೆಸರನ್ನೂ ಕಟ್ಟಿದರು. ಮಸಿ ಹಚ್ಚಿದರು. ಸಿದ್ಧಲಿಂಗೇಶ ತುಳಿದ. ಚಕ್ರ ತಿರುಗಿತು, ರೋಲರ್ ಏರಿತು, ಇಳಿಯಿತು, ಕಾಗದ ಒಳಗೆ ಹೋಗಿ ಹೊರಗೆ ಬಂತು. ಹಾಳೆ ಖಾಲಿ! ಇನ್ನೊಂದು ಹಾಳೆ ಹಾಕಿದರು, ಅದೂ ಖಾಲಿ. ಮಧ್ಯಾಹ್ನದವರೆಗೆ ನಲವತ್ತು ಹಾಳೆ ಬೆಳ್ಳಗೇ ಬಂದವು. ಕೇದಾರನ ಮುಖವೂ ಅದೇ ಬಣ್ಣಕ್ಕೆ ತಿರುಗಿತ್ತು.

ಧನಲಕ್ಷ್ಮಿ ಮೆಲ್ಲಗೆ ಮೆಹ್ವಿಶ್ ಪಕ್ಕಕ್ಕೆ ಬಂದಳು. "ಎಡಗಡೆ ಒಂದು ಹಿಡಿ ಇದೆ ನೋಡಮ್ಮ," ಅಂದಳು. "ಈ ಮಿಷನ್ ಬಂದಾಗಿಂದ ಅದು ಹಿಂದಕ್ಕೇ ಇದೆ. ದಿನಾ ಒರೆಸ್ತೀನಲ್ಲ, ನಂಗೊತ್ತು. ಆದ್ರೆ ಅದ್ರ ಮುಂದೆ ಒಂದ್ಕಡೆ ಕಬ್ಬಿಣ ತೇದು ಫಳಫಳ ಅನ್ನತ್ತೆ. ಓಡೋ ಕಾಲದಲ್ಲಿ ಹಿಡಿ ಅಲ್ಲಿ ಕೂರ್ತಿತ್ತು ಅನ್ಸತ್ತೆ." ಹಳದಿ ಬಟ್ಟೆ ಸುತ್ತಿದ ಬೆರಳಿನಿಂದ ಆ ಹೊಳೆಯುವ ಜಾಗವನ್ನು ತೋರಿಸಿದಳು.

ಮೆಹ್ವಿಶ್ ಹಿಡಿಯನ್ನು ಮುಂದಕ್ಕೆ ತಳ್ಳಿದಳು. ಕಾಗದವನ್ನು ಅಕ್ಷರಗಳಿಗೆ ಒತ್ತಿಸುವ ಹಿಡಿಯೇ ಅದು. ಸಿದ್ಧಲಿಂಗೇಶ ತುಳಿದ. ಕಾಗದ ಹೊರಗೆ ಬಂತು, ಇಪ್ಪತ್ತು ಹೆಸರು ಕಪ್ಪಗೆ, ಮುದ್ದಾಗಿ! ಮಕ್ಕಳ ಕೂಗಿಗೆ ಕೆರೆಯ ಕಡೆಯ ಪಾರಿವಾಳಗಳೆಲ್ಲ ಹಾರಿಹೋದವು. ಕೇದಾರ್ ಬೆಪ್ಪಾಗಿ ಧನಲಕ್ಷ್ಮಿಯನ್ನು ನೋಡಿದ. ಅವಳು ಆಗಲೇ ಸ್ಟೂಲಿಗೆ ಹೋಗಿ ಕೂತು, ಚಕ್ರದ ಮೇಲೆ ಬಿದ್ದ ಬೆರಳಚ್ಚುಗಳನ್ನು ಸಂಕಟದಿಂದ ಎಣಿಸುತ್ತಿದ್ದಳು.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ಎಂಟನೆಯ ದಿನ ಆಯುಧಪೂಜೆ. ತಂದೆ-ತಾಯಿಯರಿಗೆ ರಜೆ ಇರುತ್ತದೆ, ಯಂತ್ರಗಳ ಸಂಗ್ರಹಾಲಯಕ್ಕೆ ಅದಕ್ಕಿಂತ ಒಳ್ಳೆಯ ದಿನ ಯಾವುದು ಅಂತ ಕೇದಾರ್ ಬೇಕೆಂದೇ ಅದನ್ನು ಆರಿಸಿದ್ದ. ಹೂವು ಮುಡಿದ ಯಂತ್ರ ಓಡಿದರೆ ಫೋಟೋ ಚೆನ್ನಾಗಿ ಬರುತ್ತದೆ ಅಂತ ಅವನ ಎಣಿಕೆ. ಧನಲಕ್ಷ್ಮಿಯ ಎಣಿಕೆಯೇ ಬೇರೆ. ಅವತ್ತು ಪೂಜೆ ಮಾಡುತ್ತೇವೆ, ಮಕ್ಕಳು ತಾವು ಒತ್ತಿದ ಹಾಳೆಗಳನ್ನು ತೋರಿಸುತ್ತಾರೆ, ಪುರಿ ಹಂಚುತ್ತೇವೆ, ಅಷ್ಟೆ. ಪೂಜೆಗಿಟ್ಟ ಯಂತ್ರವನ್ನು ಮರುದಿನ ವಿಜಯದಶಮಿಯವರೆಗೆ ಓಡಿಸುವುದು ಅವಳ ಕನಸಿನಲ್ಲೂ ಇಲ್ಲ. ಇವನು ಅವಳನ್ನು ಕೇಳಲಿಲ್ಲ, ಅವಳು ಇವನನ್ನು ಕೇಳಲಿಲ್ಲ. ಇಬ್ಬರ ನಡುವೆ ಕಾಫಿ ಕುಡಿಯುತ್ತಿದ್ದ ನನಗೂ ಹೊಳೆಯಲಿಲ್ಲ.

ಹಿಂದಿನ ದಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅವಳು ಹೇಳಿದ್ದಳು. "ವರ್ಷ ಪೂರ್ತಿ ಇವು ನಮಗೋಸ್ಕರ ದುಡೀತವೆ. ನಾಳೆ ಒಂದಿನ ಇವಕ್ಕೆ ರಜೆ. ರಜೆ ಏನು ನಿಮಗೊಬ್ರಿಗೇನಾ?"

"ನಮ್ ಅಬ್ಬಾ ವರ್ಕ್‌ಶಾಪಲ್ಲೂ ಹಂಗೇ ಆಂಟಿ," ಅಂದಳು ಮೆಹ್ವಿಶ್. "ಕೆಲ್ಸದವ್ರು ಪೂಜೆ ಮಾಡ್ತಾರೆ. ಅವತ್ತು ಲೇತ್‌ಗೆ ಅಬ್ಬಾನೂ ಕೈ ಹಾಕಲ್ಲ. ಬೀದಿಗೆಲ್ಲ ಪುರಿ ಹಂಚ್ತಾರೆ."

"ಮತ್ತ ನಮ್ಮಪ್ಪ ಪೂಜಿ ಮಾಡಿ ಬೈಕ್ ಓಡಸ್ತಾರಲ್ರೀ, ನಿಂಬಿಹಣ್ಣಿನ ಮ್ಯಾಲೆ?" ಅಂದ ಸಿದ್ಧಲಿಂಗೇಶ.

"ಗಾಡಿ ಬೇರೆ, ಮಿಷನ್ ಬೇರೆ," ಅಂತ ಧನಲಕ್ಷ್ಮಿ ಒಂದೇ ಮಾತಿಗೆ ಮುಗಿಸಿದಳು. ಅದಕ್ಕೆ ಎದುರು ಹೇಳುವ ಧೈರ್ಯ ನನಗೂ ಇರಲಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ಬೇಗನೆ ಚೆಂಡುಹೂವು, ಕಡ್ಲೆಪುರಿ, ಬೂದುಗುಂಬಳ ಹೊತ್ತುಕೊಂಡು ಬಂದಳು. ಹಳೆಯ ಕಬ್ಬಿಣಕ್ಕೆ ಅರಿಶಿನ ಕುಂಕುಮ ತಾಕಬಾರದು ಅಂತ ಸಂಗ್ರಹಾಲಯದ ನಿಯಮ. ಅದಕ್ಕೇ ಅವಳು ಪ್ರತಿವರ್ಷ ಯಂತ್ರದ ಮುಂದಿನ ಹೆಸರಿನ ಫಲಕಕ್ಕೆ ಬೊಟ್ಟು ಇಡುತ್ತಾಳೆ, ಹಾರವನ್ನು ಸುತ್ತಲಿನ ಹಗ್ಗಕ್ಕೆ ಹಾಕುತ್ತಾಳೆ. ಕರ್ಪೂರವನ್ನು ಹೊರಗೆ ಮೆಟ್ಟಿಲ ಮೇಲೆ ಹಚ್ಚಿದಳು. ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು.

ಹನ್ನೊಂದಕ್ಕೆ ಕೋಣೆ ತುಂಬಿತು. ಟ್ರಸ್ಟಿನ ಅಧ್ಯಕ್ಷ ಪಂಚಾಕ್ಷರಯ್ಯನವರು ಊರುಗೋಲು ಹಿಡಿದು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಎಂಬತ್ತು ದಾಟಿದ ಹಿರಿಯರು. ಟ್ರೆಡಲ್ ಮಷೀನು ಒಂದು ಕಾಲದಲ್ಲಿ ಅವರ ತಂದೆಯ ಪ್ರೆಸ್ಸಿನದು. ಕೇದಾರ್ ಮೈಕ್ ಹಿಡಿದು, "ಈಗ ಟ್ರೆಡಲ್ ಮಷೀನನ್ನು ಓಡಿಸಿ ತೋರಿಸುತ್ತೇವೆ," ಅಂದ.

ನಾನು ಧನಲಕ್ಷ್ಮಿಯ ಕಡೆ ನೋಡಿದೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಲವಂಗ ಕಚ್ಚಿದಳು. ಕೇದಾರ್ ಹಗ್ಗ ಬಿಚ್ಚಿದ, ಹಾರವನ್ನು ಪಕ್ಕಕ್ಕಿಟ್ಟ. ಅವಳು ಇನ್ನೂ ಬಿಗಿಯಾಗಿ ಕಚ್ಚಿದಳು, ಕಣ್ಣಲ್ಲಿ ನೀರು ಬಂತು. ಮಾತಾಡಿದರೆ ಈ ಕೋಣೆ ಹೋಯಿತು, ಆಡದಿದ್ದರೆ ಯಂತ್ರದ ರಜೆ ಹೋಯಿತು. ಆಡಬೇಡ ಮಾರಾಯ್ತಿ, ಆಡಬೇಡ ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಕೇದಾರ್ ಚಕ್ರದ ಕಡೆ ಕೈ ಚಾಚಿದ. ಧನಲಕ್ಷ್ಮಿ ಲವಂಗವನ್ನು ಅಂಗೈಗೆ ಉಗಿದಳು. ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದಳು.

"ಮುಟ್ಬೇಡಿ ಸಾರ್!"

ಕೂಗಿದ್ದು ಅವಳಲ್ಲ. ಇಪ್ಪತ್ತು ಮಕ್ಕಳು, ಒಂದೇ ಗಂಟಲಿನಲ್ಲಿ, ಥೇಟು ಅವಳದೇ ಧಾಟಿಯಲ್ಲಿ! ಕೇದಾರ್ ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಮೈಕ್ ಕೆಳಗೆ ಬಿತ್ತು.

"ಯಾಕಮ್ಮಾ?" ಪಂಚಾಕ್ಷರಯ್ಯನವರು ಮೆಹ್ವಿಶ್‌ಳನ್ನು ಕೇಳಿದರು.

ಹುಡುಗಿ ಅಂಜಲಿಲ್ಲ. "ಪೂಜೆ ಆಗಿದೆ ಅಂಕಲ್. ಇವತ್ತು ಮಿಷನ್‌ಗೆ ರಜೆ. ನಾಳೆ ಬನ್ನಿ, ಎಷ್ಟ್ ಬೇಕಾದ್ರೂ ಓಡಿಸ್ತೀವಿ."

ಮುದುಕರ ಹೊಟ್ಟೆ ನಗುವಿಗೆ ಕುಲುಕಾಡತೊಡಗಿತು. "ನಮ್ಮಪ್ಪ ಮಾಲೀಕ ಆಗಿದ್ರೂ ಇವತ್ತಿನ ದಿನ ಇದರ ಹತ್ರ ಬರ್ತಿರಲಿಲ್ಲ ಕಣಯ್ಯ ಕೇದಾರ್! ಬಂದ್ರೆ ಕೆಲಸದವ್ರೇ ಗದರಿ ಕಳಿಸೋರು. ಈ ಗದರಿಕೆ ಕೇಳಿ ಅರವತ್ತು ವರ್ಷ ಆಗಿತ್ತು." ಕಣ್ಣೊರೆಸಿಕೊಂಡು, "ಆಗಲಿ, ಮುಟ್ಟದೇನೇ ತೋರಿಸಿ ನೋಡೋಣ," ಅಂದರು.

ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ಮೊದಲು ಮುಂದೆ ಬಂದವನು ಸಿದ್ಧಲಿಂಗೇಶ. ಯಂತ್ರದ ಪಕ್ಕ ನಿಂತು ಬರೀ ಗಾಳಿಯನ್ನು ತುಳಿಯತೊಡಗಿದ. ಮೆಹ್ವಿಶ್ ಇಲ್ಲದ ಹಾಳೆಯನ್ನು ಬಲಗೈಯಲ್ಲಿ ಇಟ್ಟಳು, ಎಡಗೈಯಲ್ಲಿ ತೆಗೆದಳು. ನಾಲ್ವರು ಹೆಗಲಿಗೆ ಹೆಗಲು ಸೇರಿಸಿ ರೋಲರ್ ಆಗಿ ಎದ್ದರು, ಬಗ್ಗಿದರು. ರೋಲರಿಗೆ ಮಸಿ ಕೊಡುವ ತಟ್ಟೆಯಾದ ಒಬ್ಬಳು ಪ್ರತಿ ಸಲ ಒಂಚೂರೇ ತಿರುಗಿದಳು, ನಿಜವಾದ ತಟ್ಟೆ ತಿರುಗುವಷ್ಟೇ. ಉಳಿದವರು ಬಾಯಲ್ಲೇ "ಟಕ್ಕ ಟಡಾಂಗ್, ಟಕ್ಕ ಟಡಾಂಗ್" ಅಂತ ಸದ್ದು ಹೊರಡಿಸಿದರು. ಒಂದು ಭಾಗ ತಪ್ಪಲಿಲ್ಲ, ಒಂದು ತಾಳ ತಪ್ಪಲಿಲ್ಲ. ಮಕ್ಕಳೆಂದರೆ ಅಷ್ಟಕ್ಕಷ್ಟೆ ಅಂದೆನಲ್ಲ, ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಕೈ ನೋಯುವವರೆಗೆ ಚಪ್ಪಾಳೆ ತಟ್ಟಿದೆ.

ಪುರಿ ಹಂಚುವಾಗ ಕೇದಾರನನ್ನು ಮೂಲೆಗೆ ಹಿಡಿದೆ. "ಏನಪ್ಪಾ, ಎಂಟು ದಿನ ಮುಗೀತು. ಅವಳ ಬಾಯಲ್ಲಿ ಆ ಮಾತು ಬಂತಾ?"

"ಇಲ್ರೀ ಮೇಡಂ. ಆದ್ರ ನನ್ನ ಇಪ್ಪತ್ತೂ ಹುಡುಗರ ಬಾಯಾಗ ಇಟ್ಟು ಹ್ವಾದ್ರಲ್ಲ!" ಅಂತ ತಲೆ ಕೆರೆದುಕೊಂಡು ನಕ್ಕ. ಸೀದಾ ಧನಲಕ್ಷ್ಮಿಯ ಹತ್ತಿರ ಹೋದ. "ಅಕ್ಕಾರ, ತಪ್ಪಾತು. ಗೇಟಿನ ಮಾತು ಮರತುಬಿಡ್ರಿ. ಈ ಕೋಣಿ ನಿಮ್ಮದ. ಬ್ಯಾಸಿಗಿ ಶಿಬಿರಕ್ಕ ನೀವು ಸ್ಟೂಲ್ ಮ್ಯಾಲೆ ಅಲ್ಲ, ನನ್ನ ಜೋಡಿ ಕಲಿಸಾಕ ನಿಲ್ಲಬೇಕು. ಮತ್ತ ನನಗೂ ಒಂದು ಲವಂಗ ಕೊಡ್ರಿ."

ಅವಳು ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಕೊಟ್ಟಳು.

ಮರುದಿನ ವಿಜಯದಶಮಿ, ಸಂಗ್ರಹಾಲಯಕ್ಕೆ ರಜೆ. ಆದರೂ ಇಪ್ಪತ್ತೂ ಮಕ್ಕಳು ಬಂದಿದ್ದರು. ಧನಲಕ್ಷ್ಮಿ ಫಲಕಗಳ ಕುಂಕುಮ ಒರೆಸಿದಳು, ಹಾರ ತೆಗೆದಳು. ಮಕ್ಕಳು ಮಸಿ ಹಚ್ಚಿ, ಕಾಗದ ಜೋಡಿಸಿದರು. ಎಲ್ಲ ಸಿದ್ಧವಾದ ಮೇಲೂ ಯಾರೂ ಚಕ್ರಕ್ಕೆ ಕೈ ಹಾಕಲಿಲ್ಲ.

"ಶುರು ಮಾಡ್ರೋ," ಅಂದೆ.

"ಮೊದಲು ಆಂಟಿ," ಅಂದಳು ಮೆಹ್ವಿಶ್.

"ಅಯ್ಯೋ, ನಾನಾ? ನಂಗ್ ಬರಲ್ಲಮ್ಮ," ಅಂತ ಧನಲಕ್ಷ್ಮಿ ಎರಡು ಹೆಜ್ಜೆ ಹಿಂದೆ ಸರಿದಳು. ನನಗೆ ಆಗ ಹೊಳೆಯಿತು. ಇಪ್ಪತ್ತೊಂದು ವರ್ಷ ದಿನಾ ಒರೆಸಿದವಳು ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ. ಯಾವಾಗಲೂ ನಡುವೆ ಆ ಹಳದಿ ಬಟ್ಟೆ ಇರುತ್ತಿತ್ತು. ಯಾರೂ ನೋಡದ ಬೆಳಗಿನ ಹೊತ್ತಿನಲ್ಲೂ ಅವಳು ಮೆಟ್ಟಿಲ ಮೇಲೆ ಕೂತ ಆ ಹುಡುಗಿಯಾಗಿಯೇ ಉಳಿದಿದ್ದಳು.

ಮೆಹ್ವಿಶ್ ಮೆಲ್ಲಗೆ ಅವಳ ಕೈಯಿಂದ ಬಟ್ಟೆಯನ್ನು ಬಿಡಿಸಿಕೊಂಡಳು. "ಮುಟ್ಟಿ ಆಂಟಿ."

ಧನಲಕ್ಷ್ಮಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಚಕ್ರದ ಮೇಲೆ ಇಟ್ಟಳು. ಇಟ್ಟ ಕೈ ಹಾಗೇ ಇತ್ತು.

"ತಣ್ಣಗಿದೆ ಮೇಡಂ," ಅಂದಳು. "ಇಷ್ಟ್ ತಣ್ಣಗಿರತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಕಾಲಿಟ್ಟು ತುಳಿದಳು. ಮೊದಲನೇ ಹಾಳೆ ಸೊಟ್ಟಗೆ ಬಂತು, ಎರಡನೆಯದು ನೆಟ್ಟಗೆ. ಹಾಳೆಯಲ್ಲಿ ಇಪ್ಪತ್ತೊಂದು ಹೆಸರಿದ್ದವು. ಕೊನೆಯದು 'ಲವಂಗ ಆಂಟಿ', ಅದನ್ನು ಮಕ್ಕಳು ಅವತ್ತೇ ಬೆಳಿಗ್ಗೆ ಜೋಡಿಸಿದ್ದರು. ಅದನ್ನು ಓದಿ ಅವಳು ಜೋರಾಗಿ ನಕ್ಕಳು, ಅಳುತ್ತಲೇ ನಕ್ಕಳು, ಆದರೆ ತುಳಿಯುವುದನ್ನು ನಿಲ್ಲಿಸಲಿಲ್ಲ. "ಆಂಟಿ, ನಮ್ಗೂ ಕೊಡಿ, ನಮ್ಗೂ ಕೊಡಿ," ಅಂತ ಮಕ್ಕಳು ಸುತ್ತ ಮುತ್ತಿಕೊಂಡರು.

"ಸ್ವಲ್ಪ ಇರ್ರೋ," ಅಂದಳು ಧನಲಕ್ಷ್ಮಿ. "ಇನ್ನೊಂದೇ ಒಂದು." ಮಧ್ಯಾಹ್ನದ ಊಟದ ಹೊತ್ತಾದರೂ ಆ ಇನ್ನೊಂದು ಮುಗಿದಿರಲಿಲ್ಲ.